ನಿತ್ಯೋಪಯೋಗದ ಕಿರು ಎಲ್‌ಇಡಿ ಟಾರ್ಚು: ಆಯ್ಕೆಗೆ ಬೇಕಾದ ಲೆಕ್ಕಾಚಾರ

ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ, ಗೋದಾಮಿನ ಬಾಗಿಲ ಹಿಂದಿನ ಮೊಳೆಯಲ್ಲಿ, ಕಾರ್ಖಾನೆಯ ಮೇಲ್ವಿಚಾರಕರ ಮೇಜಿನ ಖಾನೆಯಲ್ಲಿ ಒಂದು ಟಾರ್ಚು ಇರುವುದು ವ್ಯಾಪಾರ ವಲಯದ ಹಳೆಯ ರೂಢಿ. ಹಳ್ಳಿಗಳ ಕಡೆ ಇದನ್ನು ಇಂದಿಗೂ ‘ಬ್ಯಾಟರಿ’ ಎಂದೇ ಕರೆಯುವುದುಂಟು. ಎರಡು ಅಥವಾ ಮೂರು ದೊಡ್ಡ ಸೆಲ್ಲುಗಳನ್ನು ನುಂಗುತ್ತಿದ್ದ ಹಿತ್ತಾಳೆಯ ಉದ್ದನೆಯ ಟಾರ್ಚಿನ ಸ್ಥಾನದಲ್ಲಿ ಈಗ ಅಂಗಿಯ ಜೇಬಿನಲ್ಲಿ ಅಡಗುವ ಎಲ್‌ಇಡಿ ಟಾರ್ಚುಗಳು ಬಂದಿವೆ. ಗಾತ್ರ ಕುಗ್ಗಿತು, ಬೆಳಕು ಹೆಚ್ಚಿತು. ಅದರೊಂದಿಗೆ ಆಯ್ಕೆಯ ಗೊಂದಲವೂ ಹೆಚ್ಚಿತು.

ನೋಡಲು ಒಂದೇ ಬಗೆಯಾಗಿರುವ ಎರಡು ಟಾರ್ಚುಗಳ ಬೆಲೆಯಲ್ಲಿ ಹತ್ತು ಪಟ್ಟು ಅಂತರವಿರಬಹುದು. ಕಡಿಮೆ ಬೆಲೆಯದರ ಪೆಟ್ಟಿಗೆಯ ಮೇಲೆಯೇ ಹೆಚ್ಚು ದೊಡ್ಡ ಅಂಕಿ ಮುದ್ರಿತವಾಗಿರುವುದೂ ಅಪರೂಪವಲ್ಲ. ಕೊಂಡ ಎರಡನೆಯ ತಿಂಗಳಿಗೇ ಮಂಕಾದ ಟಾರ್ಚನ್ನು ಹಿಡಿದು ಗ್ರಾಹಕನು ಮರಳಿ ಬರುವುದು ತಯಾರಕನ ಬಳಿಗಲ್ಲ, ಮಾರಿದ ಅಂಗಡಿಗೆ. ಆದುದರಿಂದ ಸ್ವಂತ ಬಳಕೆಗೆ ಕೊಳ್ಳುವವರಷ್ಟೇ ಮಾರುವವರೂ, ಬಿಡಿಭಾಗ ತರಿಸಿ ಜೋಡಿಸುವ ಸಣ್ಣ ಉದ್ದಿಮೆದಾರರೂ ಈ ಅಂಕಿಗಳ ಒಳಹುರುಳನ್ನು ತಿಳಿದಿರುವುದು ಅವಶ್ಯ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಜಮಾ-ಖರ್ಚು ಬರೆಯಬಲ್ಲವರಿಗೆ ಸಾಧ್ಯವಿರುವ ಲೆಕ್ಕವೇ ಇದು.

ಮೊಬೈಲ್ ಇರುವಾಗ ಟಾರ್ಚು ಏಕೆ?

ಮೊಬೈಲ್ ಫೋನಿನ ದೀಪವು ಬೀಗದ ರಂಧ್ರ ಹುಡುಕಲು ಸಾಕು. ಆದರೆ ಆ ಬೆಳಕು ಹತ್ತಿರದಲ್ಲೇ ಹರಡಿಹೋಗುತ್ತದೆ. ಗೋದಾಮಿನ ಮೇಲ್ಛಾವಣಿಯ ಸೋರಿಕೆಯನ್ನಾಗಲಿ, ಚೀಲಗಳ ಅಟ್ಟಿಯ ಹಿಂಬದಿಯನ್ನಾಗಲಿ ತಲುಪುವುದಿಲ್ಲ. ಎಣ್ಣೆ, ಧೂಳು, ನೀರು ಇರುವ ಕಡೆ ಬೆಲೆಬಾಳುವ ಫೋನನ್ನು ಒಡ್ಡುವುದೂ ಸರಿಯಲ್ಲ. ರಾತ್ರಿ ಪಾಳಿಯಲ್ಲಿ ವಿದ್ಯುತ್ ಕೈಕೊಟ್ಟಾಗ ಮಾತನಾಡಲು ಬೇಕಾದ ಫೋನಿನ ಚಾರ್ಜು ಬೆಳಕಿಗಾಗಿ ಕರಗಿಹೋಗುವುದು ಇನ್ನೊಂದು ತೊಡಕು. ಪ್ರತ್ಯೇಕ ಟಾರ್ಚಿನ ಅಗತ್ಯ ಇನ್ನೂ ಉಳಿದಿರುವುದು ಈ ಕಾರಣಗಳಿಂದ.

ತಂತುವಿನಿಂದ ಎಲ್‌ಇಡಿಗೆ

ಹಳೆಯ ಎರಡು ಸೆಲ್ಲಿನ ಟಾರ್ಚಿನ ಬಲ್ಬು ಸುಮಾರು 1.2 ವ್ಯಾಟ್ ವಿದ್ಯುತ್ತನ್ನು ಬಳಸಿ ಹತ್ತು-ಹದಿನೈದು ಲ್ಯೂಮೆನ್‌ಗಳಷ್ಟು ಬೆಳಕು ನೀಡುತ್ತಿತ್ತು. ವಿದ್ಯುತ್ತಿನ ಬಹುಪಾಲು ತಂತುವನ್ನು ಕಾಯಿಸಲು ವ್ಯಯವಾಗುತ್ತಿತ್ತು. ಜಪಾನಿನ ನಿಚಿಯಾ ಸಂಸ್ಥೆಯಲ್ಲಿದ್ದ ಶುಜಿ ನಕಾಮುರಾ ಅವರು 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಿದ್ಧಪಡಿಸಿದ ನಂತರ ಚಿತ್ರ ಬದಲಾಯಿತು. ನೀಲಿ ಬೆಳಕಿನ ಒಂದಂಶವನ್ನು ಹಳದಿ ಬೆಳಕಾಗಿ ಮಾರ್ಪಡಿಸುವ ಫಾಸ್ಫರ್ ಲೇಪನವನ್ನು ಅದರ ಮೇಲೆ ಬಳಿದು, ಎರಡೂ ಬೆರೆತು ಬಿಳಿಯಾಗಿ ಕಾಣುವಂತೆ ಮಾಡಿದ ಎಲ್‌ಇಡಿಯನ್ನು ಅದೇ ಸಂಸ್ಥೆ 1996ರಲ್ಲಿ ಮಾರುಕಟ್ಟೆಗೆ ತಂದಿತು. ನೀಲಿ ಎಲ್‌ಇಡಿಯ ಸಾಧನೆಗಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರ ದೊರೆಯಿತು.

ಇಂದು ಒಳ್ಳೆಯ ಕಿರು ಟಾರ್ಚೊಂದು, ಒಳಗಿನ ನಷ್ಟಗಳನ್ನೆಲ್ಲ ಕಳೆದು, ಒಂದು ವ್ಯಾಟ್ ವಿದ್ಯುತ್ತಿಗೆ ಸುಮಾರು 100 ಲ್ಯೂಮೆನ್ ಬೆಳಕು ಕೊಡುತ್ತದೆ ಎಂದು ಹಿಡಿಯಬಹುದು. ಕೆಲವು ಟಾರ್ಚುಗಳಲ್ಲಿ ಇದು ಕಡಿಮೆಯಿರುತ್ತದೆ, ಕೆಲವರಲ್ಲಿ ಸ್ವಲ್ಪ ಹೆಚ್ಚಿರುತ್ತದೆ. ಲೆಕ್ಕಕ್ಕೆ 100 ಎಂಬ ಅಂಕಿ ಅನುಕೂಲಕರ. ಮುಂದಿನ ವಿವರಣೆಗೆ ಇದೇ ಆಧಾರ.

ಲ್ಯೂಮೆನ್ ಬೇರೆ, ಕ್ಯಾಂಡೆಲಾ ಬೇರೆ

ಟಾರ್ಚಿನ ಮುಖದಿಂದ ಹೊರಬೀಳುವ ಒಟ್ಟು ಬೆಳಕಿನ ಪ್ರಮಾಣವೇ ಲ್ಯೂಮೆನ್. ಆ ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ಸಾಂದ್ರವಾಗಿದೆ ಎಂಬುದನ್ನು ಕ್ಯಾಂಡೆಲಾ ತಿಳಿಸುತ್ತದೆ. ತೊಟ್ಟಿಯಲ್ಲಿರುವ ನೀರು ಲ್ಯೂಮೆನ್ ಆದರೆ, ಕೊಳವೆಯ ಬಾಯಿಯನ್ನು ಬೆರಳಿನಿಂದ ಅದುಮಿದಾಗ ಚಿಮ್ಮುವ ರಭಸ ಕ್ಯಾಂಡೆಲಾ. ಅದೇ 200 ಲ್ಯೂಮೆನ್ ಬೆಳಕನ್ನು ಕೋಣೆಯ ತುಂಬ ಹರಡಬಹುದು, ಇಲ್ಲವೇ ಆಳವಾದ ಪ್ರತಿಫಲಕದ ಮೂಲಕ ದೂರದ ತೆಂಗಿನ ಗರಿಯವರೆಗೆ ಕಳುಹಿಸಬಹುದು.

ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್ 1 ಎಂಬ ಮಾನದಂಡವು ಟಾರ್ಚಿನ ಗುಣಗಳನ್ನು ಅಳೆಯುವ ವಿಧಾನವನ್ನು ನಿಗದಿಪಡಿಸಿತು. ಒಟ್ಟು ಬೆಳಕು, ಗರಿಷ್ಠ ಸಾಂದ್ರತೆ, ಬೆಳಕು ತಲುಪುವ ದೂರ, ಉರಿಯುವ ಕಾಲ, ಬಿದ್ದರೆ ತಾಳುವ ಗುಣ, ನೀರು ತಡೆಯುವ ಗುಣ ಇವು ಅದರ ಆರು ಅಂಶಗಳು. ಇದನ್ನು ಅನುಸರಿಸುವುದು ತಯಾರಕರ ಇಚ್ಛೆಗೆ ಬಿಟ್ಟ ವಿಷಯ. ಆದರೂ ಹೆಸರಾಂತ ತಯಾರಕರನೇಕರು ಈ ಪ್ರಕಾರವೇ ಅಂಕಿಗಳನ್ನು ಮುದ್ರಿಸುತ್ತಾರೆ.

ಬೆಳಕು ತಲುಪುವ ದೂರವೆಂದರೆ 0.25 ಲಕ್ಸ್‌ನಷ್ಟು, ಅಂದರೆ ನಿರಭ್ರ ಹುಣ್ಣಿಮೆಯ ಬೆಳದಿಂಗಳಿನಷ್ಟು ಬೆಳಕು ಬೀಳುವ ದೂರವೆಂದು ಈ ಮಾನದಂಡ ಹೇಳುತ್ತದೆ. ಕ್ಯಾಂಡೆಲಾ ಅಂಕಿಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಈ ದೂರ ಮೀಟರುಗಳಲ್ಲಿ ದೊರೆಯುತ್ತದೆ. 2,500 ಕ್ಯಾಂಡೆಲಾ ಇದ್ದರೆ 100 ಮೀಟರು, 10,000 ಕ್ಯಾಂಡೆಲಾ ಇದ್ದರೆ 200 ಮೀಟರು. ದೂರ ಎರಡು ಪಟ್ಟಾಗಲು ಸಾಂದ್ರತೆ ನಾಲ್ಕು ಪಟ್ಟಾಗಬೇಕು ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಳದಿಂಗಳಿನಲ್ಲಿ ಆಕಾರ ಕಂಡೀತೇ ಹೊರತು ವಿವರ ಕಾಣದು. ಹೀಗಾಗಿ ಮುದ್ರಿತ ದೂರದ ಅರ್ಧವನ್ನಷ್ಟೇ ನಿಜವಾದ ಉಪಯೋಗಕ್ಕೆ ಒದಗುವ ದೂರವೆಂದು ಪರಿಗಣಿಸುವುದು ವಿವೇಕ.

ಕಣ್ಣಿನ ಸ್ವಭಾವವನ್ನೂ ಮರೆಯಬಾರದು. ಬೆಳಕು ಎರಡು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟಾಗಿ ತೋರುವುದಿಲ್ಲ; ಹಾಗೆ ತೋರಬೇಕಾದರೆ ಸುಮಾರು ನಾಲ್ಕು ಪಟ್ಟು ಬೇಕಾಗುತ್ತದೆ. 400 ಲ್ಯೂಮೆನ್ನಿಗೂ 500 ಲ್ಯೂಮೆನ್ನಿಗೂ ಇರುವ ಅಂತರವನ್ನು ಬಳಕೆಯಲ್ಲಿ ಗುರುತಿಸುವುದೇ ಕಷ್ಟ. ಅಷ್ಟಕ್ಕಾಗಿ ಹೆಚ್ಚಿನ ಹಣ ತೆರಬೇಕಾಗಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳ ತಾಳೆ

ಗೋದಾಮಿಗೆ ಬಂದ ಸರಕಿಗಿಂತ ಹೆಚ್ಚು ಸರಕು ಹೊರಹೋಗಲು ಸಾಧ್ಯವಿಲ್ಲ. ಹಾಗೆಯೇ ಸೆಲ್ಲಿನಲ್ಲಿ ಸಂಗ್ರಹವಾದ ಶಕ್ತಿಯನ್ನು ಮೀರಿ ಟಾರ್ಚು ಬೆಳಕು ಕೊಡಲಾರದು. ಈ ಒಂದು ತತ್ತ್ವದಿಂದಲೇ ಜಾಹೀರಾತಿನ ಬಹುಪಾಲು ಉತ್ಪ್ರೇಕ್ಷೆಗಳನ್ನು ಬಯಲಿಗೆಳೆಯಬಹುದು.

ಸೆಲ್ಲಿನ ವೋಲ್ಟೇಜನ್ನು ಅದರ ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. 3.6 ವೋಲ್ಟ್ ಮತ್ತು 3,000 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಅಯಾನ್ ಸೆಲ್ಲಿನಲ್ಲಿ 10.8 ವ್ಯಾಟ್-ಗಂಟೆ ಶಕ್ತಿಯಿದೆ. ವ್ಯಾಟಿಗೆ 100 ಲ್ಯೂಮೆನ್ನಿನಂತೆ ಇದು ಸುಮಾರು 1,080 ಲ್ಯೂಮೆನ್-ಗಂಟೆಗಳ ಬಂಡವಾಳ. ಇದನ್ನು 100 ಲ್ಯೂಮೆನ್ನಿನಂತೆ ಖರ್ಚು ಮಾಡಿದರೆ ಹತ್ತು ಗಂಟೆಗಿಂತ ತುಸು ಹೆಚ್ಚು, 300ರಂತೆ ಮಾಡಿದರೆ ಮೂರೂವರೆ ಗಂಟೆ, 1,000ದಂತೆ ಮಾಡಿದರೆ ಒಂದು ಗಂಟೆ ಬರುತ್ತದೆ.

ಈಗ ಅದೇ ಗಾತ್ರದ ಒಂದೇ ಸೆಲ್ಲಿನ ಟಾರ್ಚಿನ ಪೆಟ್ಟಿಗೆಯ ಮೇಲೆ ‘1,000 ಲ್ಯೂಮೆನ್, ಸತತ 10 ಗಂಟೆ’ ಎಂದಿದೆಯೆಂದು ಭಾವಿಸೋಣ. ಇದಕ್ಕೆ 10,000 ಲ್ಯೂಮೆನ್-ಗಂಟೆ, ಅಂದರೆ 100 ವ್ಯಾಟ್-ಗಂಟೆ ಶಕ್ತಿ ಬೇಕು. ಆ ಗಾತ್ರದಲ್ಲಿ ದೊರೆಯುವ ಉತ್ತಮ ಸೆಲ್ಲಿನ ಸಾಮರ್ಥ್ಯವೇ 3,500 ಮಿಲಿಆಂಪಿಯರ್-ಗಂಟೆಯ ಆಸುಪಾಸು, ಅಂದರೆ 12.6 ವ್ಯಾಟ್-ಗಂಟೆ. ಹೇಳಿದ ಮಾತು ನಿಜವಾಗಬೇಕಾದರೆ ಅಂತಹ ಎಂಟು ಸೆಲ್ಲುಗಳು ಬೇಕು. ಅಂಗೈಯಲ್ಲಿರುವುದು ಒಂದೇ ಸೆಲ್. ಲೆಕ್ಕ ತಾಳೆಯಾಗುವುದಿಲ್ಲ.

ಪ್ರಾಮಾಣಿಕ ತಯಾರಕರ ಅಂಕಿಗಳನ್ನು ಓದುವಾಗಲೂ ಒಂದು ಸೂಕ್ಷ್ಮವನ್ನು ಅರಿತಿರಬೇಕು. ಎಫ್‌ಎಲ್ 1 ಪ್ರಕಾರ ಬೆಳಕನ್ನು ಅಳೆಯಲು ಆರಂಭಿಸುವುದು ಟಾರ್ಚು ಹೊತ್ತಿಸಿದ 30 ಸೆಕೆಂಡುಗಳ ನಂತರ. ಉರಿಯುವ ಕಾಲವನ್ನು ಎಣಿಸುವುದು ಬೆಳಕು ಆ ಆರಂಭಿಕ ಪ್ರಮಾಣದ ಶೇಕಡ 10ಕ್ಕೆ ಇಳಿಯುವವರೆಗೆ. ಹೀಗಾಗಿ ‘1,000 ಲ್ಯೂಮೆನ್, 3 ಗಂಟೆ’ ಎಂದಿದ್ದರೆ ಎರಡೂ ಅಂಕಿಗಳು ಬಿಡಿಬಿಡಿಯಾಗಿ ಸತ್ಯವಾಗಿರಬಹುದು. ಆದರೆ ಮೂರು ಗಂಟೆಯೂ 1,000 ಲ್ಯೂಮೆನ್ ಎಂಬ ಅರ್ಥ ಅದಕ್ಕಿಲ್ಲ. ಮೊದಲ ಕೆಲವು ನಿಮಿಷ ಪ್ರಖರವಾಗಿ ಉರಿದು, ಉಳಿದ ಕಾಲವೆಲ್ಲ ಮುನ್ನೂರರ ಸುಮಾರಿನಲ್ಲಿ ಉರಿಯುವ ಟಾರ್ಚೂ ಈ ಮಾತಿಗೆ ಬದ್ಧವಾಗಿಯೇ ಇರುತ್ತದೆ.

ಹೀಗೆ ಇಳಿಯುವುದಕ್ಕೆ ಕಾರಣ ಶಾಖ. ಹತ್ತು ವ್ಯಾಟ್ ವಿದ್ಯುತ್ತು ಕಿರುಬೆರಳಿನುದ್ದದ ಲೋಹದ ಕೊಳವೆಯಲ್ಲಿ ಖರ್ಚಾದಾಗ ಅದರ ದೊಡ್ಡ ಪಾಲು ಶಾಖವಾಗುತ್ತದೆ. ಅದನ್ನು ಹೊರಹಾಕುವಷ್ಟು ಮೇಲ್ಮೈ ಕಿರು ಟಾರ್ಚಿಗಿರುವುದಿಲ್ಲ. ಒಳ್ಳೆಯ ಟಾರ್ಚಿನ ಮಂಡಲವು ಬಿಸಿಯನ್ನರಿತು ತಾನೇ ಬೆಳಕನ್ನು ತಗ್ಗಿಸುತ್ತದೆ. ಇದು ದೋಷವಲ್ಲ, ರಕ್ಷಣೆ. ಈ ವ್ಯವಸ್ಥೆಯಿಲ್ಲದ ಟಾರ್ಚಿನಲ್ಲಿ ಎಲ್‌ಇಡಿಯ ಆಯಸ್ಸು ಕುಗ್ಗುತ್ತದೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ‘ಗರಿಷ್ಠ ಎಷ್ಟು?’ ಎಂಬುದಲ್ಲ, ‘ಒಂದು ಗಂಟೆ ತಡೆಯಿಲ್ಲದೆ ಎಷ್ಟು?’ ಎಂಬುದು.

ಸೆಲ್ಲಿನ ಆಯ್ಕೆ

ಟಾರ್ಚಿನ ಗಾತ್ರ, ತೂಕ ಮತ್ತು ನಿರ್ವಹಣೆಯ ಖರ್ಚು ಬಹುಮಟ್ಟಿಗೆ ಸೆಲ್ಲನ್ನು ಅವಲಂಬಿಸಿವೆ. ಕಿರು ಟಾರ್ಚುಗಳಲ್ಲಿ ಬಳಕೆಯಲ್ಲಿರುವ ಪ್ರಮುಖ ಬಗೆಗಳು ಇವು:

1. ಪೆನ್ಸಿಲ್ ಸೆಲ್: ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ ಎಂಬುದೇ ಇದರ ದೊಡ್ಡ ಗುಣ. ಒಂದು ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 3 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಆದರೆ ಖಾಲಿಯಾದ ಸೆಲ್ಲನ್ನು ಒಳಗೇ ಬಿಟ್ಟರೆ ಸೋರಿ ಟಾರ್ಚನ್ನು ಹಾಳುಮಾಡಬಹುದು. ನಿತ್ಯ ಬಳಸುವವರಿಗೆ ಮರುಪೂರಣಗೊಳಿಸಬಹುದಾದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಲಾಭಕರ. 1.2 ವೋಲ್ಟ್, 2,000 ಮಿಲಿಆಂಪಿಯರ್-ಗಂಟೆಯ ಅಂತಹ ಸೆಲ್ಲಿನಲ್ಲಿ 2.4 ವ್ಯಾಟ್-ಗಂಟೆ ಇರುತ್ತದೆ. ಇಟ್ಟಲ್ಲೇ ಚಾರ್ಜು ಕಳೆದುಕೊಳ್ಳುವ ಹಳೆಯ ದೋಷ 2005ರ ನಂತರ ಬಂದ ಸುಧಾರಿತ ಸೆಲ್ಲುಗಳಲ್ಲಿ ಬಹಳ ಕಡಿಮೆಯಾಗಿದೆ.

2. ಸಣ್ಣ ಪೆನ್ಸಿಲ್ ಸೆಲ್: ಟಿವಿ ರಿಮೋಟಿನಲ್ಲಿ ಬಳಸುವ ಗಾತ್ರ. ಬೀಗದ ಕೈ ಗೊಂಚಲಿಗೆ ಕಟ್ಟಿಕೊಳ್ಳುವ ಅತಿ ಸಣ್ಣ ಟಾರ್ಚುಗಳಿಗೆ ಸೂಕ್ತ. ಇದರಿಂದ ದೀರ್ಘಕಾಲದ ಬೆಳಕನ್ನು ನಿರೀಕ್ಷಿಸಬಾರದು.

3. 18650 ಲಿಥಿಯಂ ಅಯಾನ್ ಸೆಲ್: 18 ಮಿಲಿಮೀಟರು ವ್ಯಾಸ, 65 ಮಿಲಿಮೀಟರು ಉದ್ದ ಎಂಬುದೇ ಈ ಹೆಸರಿನ ಅರ್ಥ. ಜೇಬಿನ ಟಾರ್ಚಿಗೆ ಶಕ್ತಿ ಮತ್ತು ಗಾತ್ರಗಳ ನಡುವೆ ಒಳ್ಳೆಯ ಹೊಂದಾಣಿಕೆ ಇದರಲ್ಲಿದೆ. ಈ ಗಾತ್ರದ ಮೇಲೆ ‘9,900 ಮಿಲಿಆಂಪಿಯರ್-ಗಂಟೆ’ ಎಂದು ಮುದ್ರಿಸಿದ್ದರೆ ಅದು ಸುಳ್ಳೆಂದು ನಿಸ್ಸಂಶಯವಾಗಿ ಹೇಳಬಹುದು. ನೈಜ ಸೆಲ್ಲಿನ ತೂಕ 45ರಿಂದ 50 ಗ್ರಾಂ. ಆಭರಣದ ತಕ್ಕಡಿಯಲ್ಲಿಟ್ಟು ನೋಡಿದರೆ ಹಗುರವಾದ ನಕಲು ಸೆಲ್ಲು ಅನೇಕ ವೇಳೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

4. ಒಳಗೇ ಬೆಸೆದ ಬ್ಯಾಟರಿ: ಬೆಲೆ ಕಡಿಮೆ, ಬಳಕೆ ಸುಲಭ. ಆದರೆ ಬ್ಯಾಟರಿಯ ಆಯಸ್ಸು ಮುಗಿದಾಗ ಟಾರ್ಚಿನ ಆಯಸ್ಸೂ ಮುಗಿಯುತ್ತದೆ. ಅಗ್ಗದ ರೀಚಾರ್ಜಬಲ್ ಟಾರ್ಚುಗಳಲ್ಲಿ ಸೀಸ-ಆಮ್ಲದ ಬ್ಯಾಟರಿ ಇದ್ದರೆ, ತಿಂಗಳುಗಟ್ಟಲೆ ಚಾರ್ಜು ಮಾಡದೆ ಇಟ್ಟಾಗ ಅದು ಶಾಶ್ವತವಾಗಿ ಕೆಡುತ್ತದೆ. ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಉಳಿದ ದಾಸ್ತಾನನ್ನು ಮಾರುವ ಮುನ್ನ ಪರೀಕ್ಷಿಸಬೇಕಾದುದು ಇದಕ್ಕಾಗಿಯೇ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಪೆನ್ಸಿಲ್ ಸೆಲ್ಲಿನಷ್ಟೇ ಗಾತ್ರದ 14500 ಎಂಬ ಲಿಥಿಯಂ ಅಯಾನ್ ಸೆಲ್ಲು ಪೂರ್ಣ ಚಾರ್ಜಾದಾಗ 4.2 ವೋಲ್ಟ್ ಇರುತ್ತದೆ. ಸಾಮಾನ್ಯ ಪೆನ್ಸಿಲ್ ಸೆಲ್ಲಿನದು 1.5 ವೋಲ್ಟ್. ಅದಕ್ಕೆಂದು ರೂಪಿಸದ ಟಾರ್ಚಿನಲ್ಲಿ ಇದನ್ನು ಹಾಕಿದರೆ ಮಂಡಲ ಸುಟ್ಟುಹೋಗಬಹುದು. ಬಿಡಿ ಲಿಥಿಯಂ ಸೆಲ್ಲನ್ನು ಬೀಗದ ಕೈ, ನಾಣ್ಯಗಳಿರುವ ಜೇಬಿನಲ್ಲಿ ಹಾಕಿಕೊಳ್ಳುವುದಂತೂ ಅಪಾಯಕರ. ಎರಡು ತುದಿಗಳು ಲೋಹದ ಮೂಲಕ ಕೂಡಿದರೆ ಬೆಂಕಿಯವರೆಗೂ ಹೋಗಬಹುದು. ವಿಮಾನ ಪ್ರಯಾಣದಲ್ಲಿ ಬಿಡಿ ಲಿಥಿಯಂ ಸೆಲ್ಲುಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಸರಕಿನ ವಿಭಾಗಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಚಾರ್ಜಿಂಗ್ ರಂಧ್ರವನ್ನೂ ಪರೀಕ್ಷಿಸುವುದು ಒಳಿತು. ಟೈಪ್-ಸಿ ರಂಧ್ರವಿದ್ದರೂ ಕೆಲವು ಅಗ್ಗದ ಟಾರ್ಚುಗಳು ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲಿನಿಂದ ಚಾರ್ಜಾಗುವುದಿಲ್ಲ. ತಯಾರಕರು ಉಳಿತಾಯಕ್ಕಾಗಿ ಎರಡು ಸಣ್ಣ ರೋಧಕಗಳನ್ನು ಬಿಟ್ಟಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಕೆಲವೇ ಪೈಸೆಗಳ ಈ ಉಳಿತಾಯದಿಂದ ‘ಚಾರ್ಜೇ ಆಗುತ್ತಿಲ್ಲ’ ಎಂದು ಸರಕು ಮರಳಿ ಬರುತ್ತದೆ.

ಬೆಳಕಿನ ಬಣ್ಣ ಮತ್ತು ಸರಕಿನ ಬಣ್ಣ

ವರ್ತಕರು ಬಹಳ ಬಾರಿ ಕಡೆಗಣಿಸುವ, ಆದರೆ ಅವರಿಗೇ ಅತ್ಯಂತ ಮುಖ್ಯವಾದ ಅಂಶ ಇದು. ಸಾಧಾರಣ ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಮತ್ತು ಹಳದಿಯ ಅಂಶ ಹೆಚ್ಚು, ಗಾಢ ಕೆಂಪಿನ ಅಂಶ ಕಡಿಮೆ. ಸರಕಿನ ಮೇಲೆ ಬೀಳದ ಬಣ್ಣ ಸರಕಿನಿಂದ ಮರಳಿ ಕಣ್ಣಿಗೆ ಬರಲಾರದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಬಹುದು. ಗಾಢ ಕೆಂಪು ಬಣ್ಣವೇ ಅದರ ಮೌಲ್ಯ. ಶೀತಲಗೃಹದಲ್ಲೋ ಗೋದಾಮಿನ ಮೂಲೆಯಲ್ಲೋ ಚೀಲ ಬಿಚ್ಚಿ ಅಗ್ಗದ ಟಾರ್ಚಿನ ನೀಲಿಛಾಯೆಯ ಬೆಳಕಿನಲ್ಲಿ ನೋಡಿದರೆ ಒಳ್ಳೆಯ ಕಾಯಿಯೂ ಕಂದು ಬಣ್ಣಕ್ಕೆ ತಿರುಗಿದಂತೆ ತೋರಬಹುದು. ರೇಷ್ಮೆ ಸೀರೆಯ ಅಂಚು, ವಿದ್ಯುತ್ ತಂತಿಗಳ ಹೊದಿಕೆ, ಬಣ್ಣದ ಡಬ್ಬಿಯ ಛಾಯೆ ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬಣ್ಣಗಳನ್ನು ಯಥಾವತ್ತಾಗಿ ತೋರಿಸುವ ಗುಣವನ್ನು ಸಿಆರ್‌ಐ ಎಂಬ ಸೂಚ್ಯಂಕದಿಂದ ಅಳೆಯಲಾಗುತ್ತದೆ. ಅದರ ಗರಿಷ್ಠ ಮೌಲ್ಯ 100. ಸಾಮಾನ್ಯ ಎಲ್‌ಇಡಿ ಟಾರ್ಚುಗಳಲ್ಲಿ ಇದು 70ರ ಆಸುಪಾಸು. ಬಣ್ಣ ನೋಡುವ ಕೆಲಸಕ್ಕೆ 90ಕ್ಕಿಂತ ಹೆಚ್ಚಿರುವುದು ಲೇಸು. ಎಂಟು ತಿಳಿಬಣ್ಣಗಳ ಸರಾಸರಿಯಿಂದ ಈ ಸೂಚ್ಯಂಕವನ್ನು ಕಟ್ಟಲಾಗುತ್ತದೆ. ಗಾಢ ಕೆಂಪು ಅವುಗಳಲ್ಲಿ ಸೇರಿಲ್ಲ. ಅದಕ್ಕೆ ಆರ್9 ಎಂಬ ಪ್ರತ್ಯೇಕ ಅಂಕಿಯಿದೆ. ಕೆಂಪು ಸರಕಿನ ವ್ಯಾಪಾರಿಗಳು ಅದನ್ನೂ ಕೇಳಿ ತಿಳಿಯಬೇಕು. ಹೆಚ್ಚು ಸಿಆರ್‌ಐ ಇರುವ ಎಲ್‌ಇಡಿಯಲ್ಲಿ ಅದೇ ವಿದ್ಯುತ್ತಿಗೆ ಲ್ಯೂಮೆನ್ ಕೊಂಚ ಕಡಿಮೆ ಬರುತ್ತದೆ. ಸರಕನ್ನು ಸರಿಯಾಗಿ ಕಾಣಲು ತೆರುವ ಈ ಬೆಲೆ ದುಬಾರಿಯಲ್ಲ. ಅಂಕಿ ಮುದ್ರಿತವಾಗಿಲ್ಲದಿದ್ದರೆ ಹಗಲು ಬೆಳಕಿನಲ್ಲಿ ನೋಡಿದ ಒಂದು ಕೆಂಪು ಮೆಣಸಿನಕಾಯಿಯನ್ನೋ ಸ್ವಂತ ಅಂಗೈಯನ್ನೋ ಟಾರ್ಚಿನ ಬೆಳಕಿನಲ್ಲಿ ಮತ್ತೆ ನೋಡಬಹುದು. ಅಂಗೈ ಬಿಳಿಚಿಕೊಂಡಂತೆ ಕಂಡರೆ ಆ ಟಾರ್ಚು ಬಣ್ಣದ ಕೆಲಸಕ್ಕೆ ಒದಗುವುದಿಲ್ಲ.

ಕಟ್ಟಡ, ಸ್ವಿಚ್ಚು, ನೀರಿನ ತಡೆ

ಅಲ್ಯೂಮಿನಿಯಂ ಕವಚವು ಶಾಖವನ್ನು ಹೊರಹಾಕುತ್ತದೆ. ಪ್ಲಾಸ್ಟಿಕ್ ಕವಚ ಹಗುರ, ಆದರೆ ಪ್ರಖರ ಬೆಳಕಿಗೆ ತಕ್ಕುದಲ್ಲ. ತಿರುಪು ಹಲ್ಲುಗಳು ನುಣುಪಾಗಿ ಕೂಡಬೇಕು, ಸಂದಿಯಲ್ಲಿ ರಬ್ಬರ್ ಉಂಗುರವಿರಬೇಕು. ನೀರಿನ ತಡೆಯನ್ನು ಐಪಿಎಕ್ಸ್ ಅಂಕಿಗಳಿಂದ ಸೂಚಿಸುತ್ತಾರೆ. ಐಪಿಎಕ್ಸ್ 4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು, ಐಪಿಎಕ್ಸ್ 7 ಎಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿರುವುದನ್ನು ತಾಳುತ್ತದೆ. ಮಳೆಯಲ್ಲಿ ಓಡಾಡುವವರಿಗೆ ಮೊದಲನೆಯದೂ ಸಾಕು. ಮಲೆನಾಡು, ಕರಾವಳಿಗಳ ಮಳೆಗಾಲಕ್ಕೆ ಎರಡನೆಯದು ನೆಮ್ಮದಿ.

ಸ್ವಿಚ್ಚು ಕತ್ತಲಲ್ಲಿ ತಡಕಾಡದೆ ಬೆರಳಿಗೆ ಸಿಗಬೇಕು. ಎರಡು-ಮೂರು ಮಟ್ಟದ ಬೆಳಕು ಬೇಕಾದಷ್ಟಾಯಿತು. ಮಿನುಗುವ ಬೆಳಕನ್ನು ದಾಟಿ ಮುಂದಿನ ಮಟ್ಟಕ್ಕೆ ಹೋಗಬೇಕಾದ ಟಾರ್ಚು ನಿತ್ಯದ ಕೆಲಸದಲ್ಲಿ ಕಿರಿಕಿರಿ. ಐದರಿಂದ ಇಪ್ಪತ್ತು ಲ್ಯೂಮೆನ್ನಿನ ಮಂದ ಬೆಳಕು ಇರುವುದು ಅತ್ಯಗತ್ಯ, ಏಕೆಂದರೆ ರಸೀದಿ ಓದಲು, ಮೀಟರು ನೋಡಲು ಪ್ರಖರ ಬೆಳಕು ಕಣ್ಣು ಕೋರೈಸುತ್ತದೆ. ಜೇಬಿನಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಬೀಗದ ವ್ಯವಸ್ಥೆಯೂ ಇರಬೇಕು. ಬುಡದಲ್ಲಿ ಅಯಸ್ಕಾಂತವಿದ್ದರೆ ಯಂತ್ರದ ಮೈಗೆ ಅಂಟಿಸಿ ಎರಡೂ ಕೈಗಳಿಂದ ಕೆಲಸ ಮಾಡಬಹುದು.

ಯಾರಿಗೆ ಯಾವುದು?

ಅಂಗಡಿ ಮತ್ತು ಕಚೇರಿಗೆ: ಒಂದು ಪೆನ್ಸಿಲ್ ಸೆಲ್ಲಿನ, ಸುಮಾರು 100 ಲ್ಯೂಮೆನ್ನಿನ ಟಾರ್ಚು. ಎರಡು ಗಂಟೆಯಷ್ಟು ಬೆಳಕು ನಿರೀಕ್ಷಿಸಬಹುದು. ಸೆಲ್ ಎಲ್ಲೆಡೆ ಸಿಗುತ್ತದೆ.

ಗೋದಾಮು ಮತ್ತು ಕೃಷಿ ಮಾರುಕಟ್ಟೆ ಪ್ರಾಂಗಣಕ್ಕೆ: 18650 ಸೆಲ್ಲಿನ, ತಡೆಯಿಲ್ಲದೆ 200ರಿಂದ 300 ಲ್ಯೂಮೆನ್ ಕೊಡುವ, ಹೆಚ್ಚು ಸಿಆರ್‌ಐ ಇರುವ ಟಾರ್ಚು.

ಯಂತ್ರಾಗಾರ ಮತ್ತು ಎರಕದ ಕಾರ್ಖಾನೆಗೆ: ಪೀಣ್ಯದ ಯಂತ್ರಾಗಾರವಾಗಲಿ, ಬೆಳಗಾವಿಯ ಎರಕದ ಕಾರ್ಖಾನೆಯಾಗಲಿ, ರಂಧ್ರದ ಒಳಮೈ ಅಥವಾ ಎರಕದ ಮೇಲಿನ ಸಣ್ಣ ಗುಳಿಗಳನ್ನು ನೋಡಲು ದೂರ ಬೀಳುವ ಬೆಳಕು ಬೇಡ. ಸಮನಾಗಿ ಹರಡುವ ಬೆಳಕು, ಅಯಸ್ಕಾಂತದ ಬುಡ, ಎಣ್ಣೆಗೈಯಲ್ಲೂ ಜಾರದ ಕವಚ ಮುಖ್ಯ.

ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತರಿಗೆ ಮತ್ತು ಕಾವಲುಗಾರರಿಗೆ: ದೂರ ಬೀಳುವ ಬೆಳಕಿನ ಜೊತೆಗೆ ಕಾಲಬುಡದ ಹಾವು-ಚೇಳು ಕಾಣುವಂತೆ ಸುತ್ತಲೂ ಹರಡುವ ಬೆಳಕೂ ಬೇಕು. ಕೇವಲ ಒಂದು ಬಿಂದುವಿಗೆ ಕೂಡುವ ಜೂಮ್ ಟಾರ್ಚು ಇಲ್ಲಿ ನಂಬಿಕೆಗೆ ಅರ್ಹವಲ್ಲ.

ಪೆಟ್ರೋಲು, ಥಿನ್ನರು, ಅನಿಲಗಳ ಆವಿ ಸೇರುವ ಸ್ಥಳಗಳಿಗೆ ಮೇಲಿನ ಯಾವ ಟಾರ್ಚೂ ತಕ್ಕುದಲ್ಲ. ಅಲ್ಲಿ ಕಿಡಿ ಹೊಮ್ಮಿಸದಂತೆ ರೂಪಿಸಿ ಪ್ರಮಾಣೀಕರಿಸಿದ ಸಾಧನಗಳನ್ನೇ ಬಳಸಬೇಕು. ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಇಂತಹ ಸಾಧನಗಳಿಗೆ ಅನುಮೋದನೆ ನೀಡುತ್ತದೆ.

ಮಾರುವವರ ಮತ್ತು ಜೋಡಿಸುವವರ ಹೊಣೆ

ಲಿಥಿಯಂ ಮತ್ತು ನಿಕ್ಕಲ್ ಬಗೆಯ ಮರುಪೂರಣ ಸೆಲ್ಲುಗಳಿಗೆ ಐಎಸ್ 16046 ಮಾನಕದಡಿ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಸೆಲ್ಲಿನ ಮೇಲೆ ನೋಂದಣಿ ಸಂಖ್ಯೆ ಇದೆಯೇ ಎಂದು ಖರೀದಿಯ ಹಂತದಲ್ಲೇ ನೋಡಬೇಕು. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ತಯಾರಕ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳು ಪೊಟ್ಟಣದ ಮೇಲಿರಬೇಕು. ಇದು ಬರಿಯ ಔಪಚಾರಿಕತೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ, ತಯಾರಕ ಯಾರೆಂದು ತಿಳಿಯದ ಸರಕಿನಿಂದ ಹಾನಿಯಾದರೆ ಹೊಣೆ ಮಾರಿದವರ ಮೇಲೆ ಬರಬಹುದು. ತಯಾರಕರು ಹೇಳದ ಖಾತರಿಯನ್ನು ಅಂಗಡಿಯವರೇ ಬಾಯಿಮಾತಿನಲ್ಲಿ ಸೇರಿಸಿದರೂ ಇದೇ ಪರಿಸ್ಥಿತಿ ಒದಗಬಹುದು.

ತಮ್ಮ ಹೆಸರಿನಲ್ಲಿ ಟಾರ್ಚು ಮಾರುವ ಸಣ್ಣ ಉದ್ದಿಮೆದಾರರಿಗೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಅನ್ವಯಿಸುತ್ತವೆ. ಉಪಕರಣದೊಳಗೆ ಅಡಕವಾದ ಬ್ಯಾಟರಿಯೂ ಇದರ ವ್ಯಾಪ್ತಿಗೆ ಬರುತ್ತದೆ. ಸೆಲ್ಲನ್ನು ಬಿಚ್ಚಿ ಬದಲಿಸುವಂತೆ ಟಾರ್ಚನ್ನು ರೂಪಿಸಿದರೆ ಗ್ರಾಹಕರಿಗೂ ಅನುಕೂಲ, ತ್ಯಾಜ್ಯವನ್ನು ಬೇರ್ಪಡಿಸುವುದೂ ಸುಲಭ.

ಸ್ವಂತ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯವೇನೂ ಬೇಡ. ಒಂದು ಲಕ್ಸ್‌ಮೀಟರು, ಒಂದು ಅಳತೆ ಪಟ್ಟಿ, ಒಂದು ಕತ್ತಲೆ ಕೋಣೆ ಸಾಕು. ಟಾರ್ಚನ್ನು ಮೀಟರಿನಿಂದ ಐದು ಮೀಟರು ದೂರದಲ್ಲಿಟ್ಟು, ಬೆಳಕಿನ ನಡುಭಾಗ ಮೀಟರಿನ ಮೇಲೆ ಬೀಳುವಂತೆ ಮಾಡಿ, ದೊರೆತ ಲಕ್ಸ್ ಅಂಕಿಯನ್ನು 25ರಿಂದ ಗುಣಿಸಬೇಕು. 100 ಲಕ್ಸ್ ಬಂದರೆ 2,500 ಕ್ಯಾಂಡೆಲಾ. ಅಂದರೆ ಬೆಳಕಿನ ದೂರ 100 ಮೀಟರು. ಅನಂತರ ಟಾರ್ಚನ್ನು ಅಲುಗಿಸದೆ ಹತ್ತು ನಿಮಿಷಕ್ಕೊಮ್ಮೆ ಅಂಕಿಯನ್ನು ಬರೆದುಕೊಳ್ಳುತ್ತ ಹೋದರೆ, ಬೆಳಕು ಯಾವಾಗ ಎಷ್ಟು ಇಳಿಯಿತು ಎಂಬ ಪಟ್ಟಿ ಒಂದೇ ಹಗಲಿನಲ್ಲಿ ಸಿದ್ಧವಾಗುತ್ತದೆ. ಹೊಸ ಪೂರೈಕೆದಾರರಿಂದ ಸಾವಿರ ಟಾರ್ಚುಗಳಿಗೆ ಆದೇಶ ಕೊಡುವ ಮುನ್ನ ಮಾದರಿಗಾಗಿ ಬಂದ ಮೂರರ ಮೇಲೆ ಈ ಪರೀಕ್ಷೆ ನಡೆಸುವುದು ಶ್ರಮಕ್ಕೆ ತಕ್ಕ ಪ್ರತಿಫಲ ಕೊಡುತ್ತದೆ.

ಖರೀದಿಗೆ ಮುನ್ನ ಆರು ಪ್ರಶ್ನೆಗಳು

1. ಈ ಟಾರ್ಚಿನಿಂದ ಆಗಬೇಕಾದ ಮುಖ್ಯ ಕೆಲಸ ಯಾವುದು, ಎಷ್ಟು ದೂರದ್ದು?
2. ಸೆಲ್ಲಿನ ವ್ಯಾಟ್-ಗಂಟೆಗೂ ಹೇಳಿದ ಲ್ಯೂಮೆನ್ ಮತ್ತು ಕಾಲಕ್ಕೂ ತಾಳೆಯಾಗುತ್ತದೆಯೇ?
3. ಒಂದು ಗಂಟೆ ತಡೆಯಿಲ್ಲದೆ ಎಷ್ಟು ಬೆಳಕು ಕೊಡುತ್ತದೆ?
4. ಸೆಲ್ಲನ್ನು ಬದಲಿಸಬಹುದೇ, ಅದು ಊರಿನಲ್ಲೇ ಸಿಗುತ್ತದೆಯೇ?
5. ಸರಕಿನ ಬಣ್ಣ ಹಗಲಿನಲ್ಲಿದ್ದಂತೆಯೇ ಕಾಣುತ್ತದೆಯೇ?
6. ತಯಾರಕರ ವಿಳಾಸ, ನೋಂದಣಿ ಸಂಖ್ಯೆ, ಖಾತರಿ ಇವು ಪೊಟ್ಟಣದ ಮೇಲಿವೆಯೇ?

ಟಾರ್ಚು ಸಣ್ಣ ವಸ್ತು. ವರ್ಷದ ವಹಿವಾಟಿನಲ್ಲಿ ಅದರ ಪಾಲು ನಗಣ್ಯವೇ ಇರಬಹುದು. ಆದರೆ ಕತ್ತಲಲ್ಲಿ ಗುಂಡಿ ಒತ್ತಿದವರ ಕೈಯಲ್ಲಿ ಅದು ಹೊತ್ತದಿದ್ದರೆ ಅವರಿಗೆ ನೆನಪಾಗುವುದು ಪೆಟ್ಟಿಗೆಯ ಮೇಲಿನ ಅಂಕಿಯಲ್ಲ, ಅದನ್ನು ಮಾರಿದ ಅಂಗಡಿಯ ಹೆಸರು. ‘ಸಾವಿರ ಲ್ಯೂಮೆನ್’ ಎಂದು ಹೊಗಳಿ ಒಂದು ಸಲ ಮಾರುವುದಕ್ಕಿಂತ, ‘ಇದು ಇನ್ನೂರು ಲ್ಯೂಮೆನ್, ಆದರೆ ಐದು ಗಂಟೆ ಉರಿಯುತ್ತದೆ’ ಎಂದು ಲೆಕ್ಕ ತೋರಿಸಿ ಮಾರುವ ಅಂಗಡಿಗೆ ಗ್ರಾಹಕರು ಮುಂದಿನ ಬಾರಿ ಬೇರೆ ಸರಕಿಗಾಗಿಯೂ ಬರುತ್ತಾರೆ.